ಹಾಸಿಗೆ ಮೇಸ್ತ್ರಿಯ ಸೊಸೆ

ಆ ಮನೆಯಲ್ಲಿ ಯಾರಿಗೆ ಏನೇ ಆಗಲಿ, ಮೊದಲು ಹಾಸಿಗೆ ಬಿಚ್ಚಿ ನೋಡುವುದು ಪದ್ಧತಿ. ಸೊಂಟ ಹಿಡಿದರೆ ಹಾಸಿಗೆ, ಕೆಮ್ಮು ಬಿಡದಿದ್ದರೆ ದಿಂಬು. ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಓಡಾಡಿದರೆ ಅದಕ್ಕೂ ಹಾಸಿಗೆಯೇ ಕಾರಣ. ನಡುವೆ ಹತ್ತಿ ಗಂಟು ಕಟ್ಟಿರಬೇಕು, ಬಿಚ್ಚಿ ಹಿಂಜಿ ಮತ್ತೆ ತುಂಬಬೇಕು. ತಾತನ ಕಾಲದಿಂದ ಹಾಸಿಗೆ ಹೊಲಿದೇ ಬದುಕಿದ ಮನೆ ಅದು. "ಲೋಕದವರು ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಾವು ಕಾಲು ಇದ್ದಷ್ಟು ಹಾಸಿಗೆ ಮಾಡೋರು" ಎಂದು ಮೇಸ್ತ್ರಿ ಹೊಸ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಹಳೆ ಗಿರಾಕಿಗಳೂ ಆಗಷ್ಟೇ ಕೇಳಿದವರ ಹಾಗೆ ನಗುತ್ತಿದ್ದರು.

ಹಾಗಾಗಿ ಸೊಸೆ ಬೆಳಗ್ಗೆ ಏಳುವುದನ್ನು ಬಿಟ್ಟಾಗ ಮೇಸ್ತ್ರಿಗೆ ಮೊದಲು ಅನುಮಾನ ಬಂದದ್ದು ಹತ್ತಿಯ ಮೇಲೆ.

ಮನೆಯ ಮುಂಭಾಗವೇ ಅಂಗಡಿ. ಬೀದಿಯ ಕಡೆಗೆ ಹತ್ತಿ ಹಿಂಜುವ ಯಂತ್ರ, ಅದನ್ನು ನಡೆಸುವುದು ಮಗ. ಅದರ ಹಿಂದೆ ಎರಡು ಎತ್ತರದ ಬೆಂಚುಗಳ ಮೇಲೆ ಹಾಸಿಗೆ ಚಾಚಿ ಹೊಲಿಯುವ ಜಾಗ. ಅದಕ್ಕೂ ಹಿಂದೆ ಅಡಿಗೆಮನೆ, ಪಕ್ಕದಲ್ಲಿ ಮಗ ಸೊಸೆಯ ಕೋಣೆ. ತುಂಬಿದ ಹಾಸಿಗೆಗೆ ಅಲ್ಲಲ್ಲಿ ಗಂಟು ಹಾಕಬೇಕು, ಇಲ್ಲದಿದ್ದರೆ ಹತ್ತಿಯೆಲ್ಲ ಒಂದು ಮೂಲೆಗೆ ಓಡುತ್ತದೆ. ಅದಕ್ಕೆ ಇಬ್ಬರು ಬೇಕು. ಮೇಲೆ ನಿಂತವರು ಉದ್ದನೆಯ ದಬ್ಬಳ ಚುಚ್ಚಿ ಕೆಳಕ್ಕೆ ಇಳಿಸಬೇಕು. ಕೆಳಗೆ ಕೂತವರು ಅದನ್ನೆಳೆದು, ದಾರ ಬಿಗಿದು, ಪಕ್ಕದಲ್ಲೇ ಮತ್ತೆ ಮೇಲಕ್ಕೆ ಕಳಿಸಬೇಕು. ಮೇಸ್ತ್ರಿಯ ಹೆಂಡತಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಅನ್ನುತ್ತಿದ್ದರು. ಅವಳ ಮಂಡಿ ಕೈಕೊಟ್ಟ ಮೇಲೆ ಕೆಳಗಿನ ಜಾಗ ಸೊಸೆಯದಾಯಿತು.

ಆ ದಿನಗಳು ಮೇಸ್ತ್ರಿಗೆ ಕಣ್ಣಿಗೆ ಕಟ್ಟಿದ ಹಾಗಿದ್ದವು. ಸೊಸೆ ಕಾಣುತ್ತಿರಲಿಲ್ಲ, ಅವಳ ಮಾತು ಮಾತ್ರ ಹಾಸಿಗೆಯ ಹೊಟ್ಟೆಯೊಳಗಿಂದ ಬರುತ್ತಿತ್ತು.

"ಮಾವ, ಇದು ಯಾರ ಹಾಸಿಗೆ?"

"ಮೂಲೆ ಅಂಗಡಿ ಟೈಲರ್‌ದು ಕಣಮ್ಮ."

"ಹಾಗಾದ್ರೆ ಬಿಗಿಯಾಗಿ ಚುಚ್ಚಿ. ಆಯಪ್ಪ ಹೊಲಿದ ಅಂಗಿ ಒಂದೇ ಒಗೆತಕ್ಕೆ ಬಾಯಿ ಬಿಟ್ಕೊಂಡಿತ್ತು. ನಮ್ಮ ಹೊಲಿಗೆ ನೋಡಿ ನಾಚ್ಕೋಬೇಕು ಅವನು."

ಹೊಸಬರು ಯಾರಾದರೂ ಅಂಗಡಿಗೆ ಬಂದಿದ್ದರೆ ಹಾಸಿಗೆಯೇ ಮಾತಾಡಿತೆಂದು ಬೆಚ್ಚಿ ಬೀಳುತ್ತಿದ್ದರು. ಸೊಸೆ ಅಡಿಯಿಂದ ತಲೆ ಹೊರಗೆ ಹಾಕಿ, ಕೂದಲ ತುಂಬ ಹತ್ತಿ ಮೆತ್ತಿಕೊಂಡು, "ಬನ್ನಿ ಬನ್ನಿ, ಮಾತಾಡೋ ಹಾಸಿಗೆಗೆ ರೇಟು ಜಾಸ್ತಿ" ಅನ್ನುತ್ತಿದ್ದಳು.

ಅದು ಯಾವಾಗ ಕಮ್ಮಿಯಾಗುತ್ತ ಬಂತೋ ಯಾರೂ ಗಮನಿಸಲಿಲ್ಲ. ಮೊದಲು ಬೀದಿಯ ಸುದ್ದಿ ನಿಂತಿತು, ಆಮೇಲೆ ನಗು. ಆಮೇಲೆ ದಬ್ಬಳ ಕೆಳಗಿಳಿದರೆ ಮೇಲೆ ಬರುವುದಕ್ಕೆ ತಡವಾಗತೊಡಗಿತು. "ಏನಮ್ಮ, ತೂಕಡಿಸ್ತಿದೀಯಾ?" ಎಂದು ಬಗ್ಗಿ ನೋಡಿದರೆ ಅವಳು ದಬ್ಬಳ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಒಂದು ಬೆಳಗ್ಗೆ ಏಳಲೇ ಇಲ್ಲ.

"ಇವತ್ತೂ ಎದ್ದಿಲ್ವಾ ನಿನ್ನ ಮಹಾರಾಣಿ?" ದೊಡ್ಡಮ್ಮ ಟೀ ಸೋಸುತ್ತ ಮಗನನ್ನು ಕೇಳಿದಳು.

"ರಾತ್ರಿಯೆಲ್ಲ ನಿದ್ದೆ ಬಂದಿಲ್ಲವಂತಮ್ಮ."

"ರಾತ್ರಿ ನಿದ್ದೆ ಇಲ್ಲ, ಹಗಲು ಎಚ್ಚರ ಇಲ್ಲ. ಇಂಥ ಕಾಯಿಲೆ ನನಗೂ ಒಂದು ಬರಬಾರದಾ? ಕಾಲು ಚಾಚಿ ಮಲಗಿರ್ತಿದ್ದೆ, ನೀವೆಲ್ಲ ಟೀ ಸೋಸಿ ತಂದು ಕೊಡ್ತಿದ್ರಿ."

"ಕಾಯಿಲೆ ಏನಿಲ್ಲ. ಜ್ವರ ಇಲ್ಲ, ನೋವಿಲ್ಲ. ಕೇಳಿದ್ರೆ ಏನೂ ಇಲ್ಲ ಅಂತಾಳೆ."

"ಏನೂ ಇಲ್ಲದೇ ಮಲಗೋದಕ್ಕೆ ಒಂದು ಹೆಸರಿದೆ ಕಣೋ. ಸೋಮಾರಿತನ ಅಂತ."

"ಸುಮ್ನಿರೇ," ಅಂದ ಮೇಸ್ತ್ರಿ. "ನಾನೊಂದು ಸಲ ಹಾಸಿಗೆ ನೋಡ್ತೀನಿ."

ಅವನು ನೋಡಿದ್ದಷ್ಟೇ ಅಲ್ಲ, ಹೊಲಿಗೆಯೆಲ್ಲ ಕತ್ತರಿಸಿ ಹತ್ತಿಯನ್ನು ಅಂಗಳಕ್ಕೆ ಸುರಿದ. ಮಗ ಯಂತ್ರದ ಗುಂಡಿಗೆ ಕೈ ಹಾಕಿದಾಗ, "ಬೇಡ, ಯಂತ್ರ ಹತ್ತಿಯ ಎಳೆ ಕಡಿಯುತ್ತೆ" ಎಂದು ಗೋಡೆಗೆ ನೇತುಹಾಕಿದ್ದ, ಹತ್ತಿ ಹಿಂಜುವ ಹಳೆ ಬಿಲ್ಲನ್ನು ಇಳಿಸಿದ. ಅವನಪ್ಪ ಆ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ತಿರುಗುತ್ತಿದ್ದ. ಹೆದೆ ಮೀಟುತ್ತ ಹೋದರೆ ಸಾಕು, ಆ ಸದ್ದಿಗೆ ಮನೆಮನೆಯ ಹೆಂಗಸರು ಮಹಡಿಯಿಂದ ಹಳೆ ದಿಂಬು ಎಸೆಯುತ್ತಿದ್ದರು. ಹಿಂಜಿದ ಹತ್ತಿ ಗಾಳಿಗೆ ಹಾರಿ ಬೀದಿಯ ಮಕ್ಕಳೆಲ್ಲ ಮುದುಕರ ಹಾಗೆ ತಲೆ ನೆರೆಸಿಕೊಂಡು ಓಡಾಡುತ್ತಿದ್ದವು. ಅದೆಲ್ಲ ನೆನೆಯುತ್ತ ಮೇಸ್ತ್ರಿ ಹತ್ತಿ ಹಿಂಜಿದ. ಅದಕ್ಕೆ ಹೊಸ ಬೂರುಗದ ಹತ್ತಿ ಬೆರೆಸಿದ. ಮಗಳ ಮದುವೆಗೂ ಅಂಥ ಹಾಸಿಗೆ ಮಾಡಿರಲಿಲ್ಲ ಎಂದು ದೊಡ್ಡಮ್ಮ ಮೂದಲಿಸಿದಳು.

ಸೊಸೆ ಅದರ ಮೇಲೆ ಮಲಗಿದಳು. ಬಾಗಿಲಲ್ಲಿ ನಿಂತು ಮೇಸ್ತ್ರಿ ಕೇಳಿದ, "ಹೇಗಿದೆಯಮ್ಮ?"

"ಚೆನ್ನಾಗಿದೆ ಮಾವ," ಅಂದಳು ಗೋಡೆಯ ಕಡೆ ತಿರುಗಿಕೊಂಡೇ.

ವಾರ ಕಳೆದರೂ ಅವಳು ಏಳಲಿಲ್ಲ. ಮೆತ್ತಗೆ ಜಾಸ್ತಿಯಾಯಿತೇನೋ ಎಂದು ಮೇಸ್ತ್ರಿ ಅದನ್ನೂ ಬಿಚ್ಚಿ ಗಟ್ಟಿಯಾದ ಹತ್ತಿ ಒತ್ತಿ ತುಂಬಿದ. ದಿಂಬು ತಗ್ಗಿಸಿದ. ಮಲಗುವ ದಿಕ್ಕು ಬದಲಿಸಿದ. ಪ್ರತಿ ಸಲವೂ ಅವಳದು ಒಂದೇ ಉತ್ತರ, ಚೆನ್ನಾಗಿದೆ ಮಾವ. ತಟ್ಟೆಯಲ್ಲಿ ಹಾಕಿಕೊಟ್ಟ ಅನ್ನ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುತ್ತಿತ್ತು. ಮನೆಯ ಕೆಲಸವೆಲ್ಲ ಅಡ್ಡಾದಿಡ್ಡಿಯಾಯಿತು. ಮೊಮ್ಮಗಳು ಆಕಾರದಲ್ಲಿ ಸಣ್ಣವಳೆಂದು ಮನೆಯವರು ಅವಳನ್ನು ಜೀರಿಗೆ ಎಂದು ಕರೆಯುತ್ತಿದ್ದರು. ಅವಳಿಗೆ ಈಗ ಅಪ್ಪನೇ ಜಡೆ ಹಾಕಬೇಕು.

"ಅಪ್ಪಾ, ನೀನು ಜಡೆ ಹಾಕ್ತಿದೀಯೋ ಹಗ್ಗ ಹೊಸೀತಿದೀಯೋ?"

"ಅಲ್ಲಾಡಬೇಡ ಕೂತ್ಕೋ."

"ಶಾಲೆಯಲ್ಲಿ ಎಲ್ಲರೂ ನಗ್ತಾರೆ. ಅಮ್ಮ ಯಾವಾಗ ಏಳ್ತಾಳೆ?"

ಮಗ ಬಾಚಣಿಗೆಯನ್ನು ಕಿಟಕಿಯಲ್ಲಿಟ್ಟು ಎದ್ದು ಹೋದ.

ಇನ್ನು ದೊಡ್ಡಮ್ಮನ ಕೈಗೆ ಅಡಿಗೆ, ಪಾತ್ರೆ, ಬಟ್ಟೆ ಎಲ್ಲ ಬಂದಿತ್ತು, ಜೊತೆಗೆ ಮಂಡಿನೋವು. ಗಿರಾಕಿಗಳು "ಎಲ್ಲಿ ನಿಮ್ಮ ಸೊಸೆ, ಮಾತೇ ಕೇಳ್ತಿಲ್ಲ?" ಅಂದರೆ "ತವರಿಗೆ ಹೋಗಿದಾಳೆ" ಎನ್ನುವಳು. ಜೀರಿಗೆ ಪಕ್ಕದಿಂದ "ಸುಳ್ಳು, ಒಳಗೆ ಮಲಗಿದಾಳೆ" ಎನ್ನುವಳು. ಆ ದಿನ ಜೀರಿಗೆಯ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು.

ಕೊನೆಗೆ ದೊಡ್ಡಮ್ಮ ಊಟದ ಹೊತ್ತಿನಲ್ಲಿ ಬಾಯಿ ಬಿಟ್ಟಳು. "ಅವಳ ಅಣ್ಣನಿಗೆ ಹೇಳಿ ಕಳಿಸಿದೀನಿ. ಬಸ್ ಡ್ರೈವರ್ ಕೆಲಸ, ರಜಾ ಸಿಕ್ಕಿದ ದಿನ ಬರ್ತಾನೆ. ತಂಗೀನ ಕರ್ಕೊಂಡು ಹೋಗ್ಲಿ. ನೆಟ್ಟಗಾದ ಮೇಲೆ ಕಳಿಸ್ಲಿ. ಮಗು ಇಲ್ಲೇ ಇರ್ಲಿ."

"ನೆಟ್ಟಗಾಗದೇ ಇದ್ರೆ?" ಅಂದ ಮೇಸ್ತ್ರಿ.

"ಅಲ್ಲೇ ಇರ್ಲಿ. ನಿಮ್ಮಮ್ಮನ ಹಟ ಕೇಳಿದ್ದೆ, ಈಗ ಕಣ್ಣಾರೆ ನೋಡೋ ಹಾಗಾಯ್ತು. ಮುದ್ದು ಮಾಡಿ ಕೆಡಿಸಿದ್ದು ನೀವೇ. ದಿನಕ್ಕೊಂದು ಹಾಸಿಗೆ ಮಾಡಿ ಕೊಟ್ಟರೆ ಯಾರು ತಾನೇ ಏಳ್ತಾರೆ? ಮೊದಲು ಆ ಹಾಸಿಗೆ ಎತ್ತಿ."

ಅದನ್ನು ಮಾಡಿದ್ದು ಮಗ. ಬೆಳಗಿಂದ ಯಂತ್ರದ ಮುಂದೆ ನಿಂತು, ನಡುವೆ ಬಟ್ಟೆ ಒಗೆದು, ಅವನ ತಾಳ್ಮೆಯೂ ಸವೆದಿತ್ತು. ತಟ್ಟೆ ಬಿಟ್ಟು ಎದ್ದ. ಕೋಣೆಗೆ ಹೋಗಿ, "ಏಳು, ಸಾಕು ಇನ್ನು" ಎಂದು ಹೆಂಡತಿಯ ತೋಳು ಹಿಡಿದು ಎಬ್ಬಿಸಿ ನಿಲ್ಲಿಸಿದ. ಹಾಸಿಗೆ ಸುತ್ತಿ, ಹೆಗಲಿಗೆ ಹೊತ್ತು, ಅಂಗಡಿಯಲ್ಲಿ ತಂದು ಹಾಕಿದ. "ಈಗ ಮಲಗ್ಲಿ ನೋಡೋಣ!"

ಒಳಗೆ ಸದ್ದಿಲ್ಲ. ಸ್ವಲ್ಪ ಹೊತ್ತು ನೋಡಿ ಮೇಸ್ತ್ರಿ ಬಾಗಿಲಿಗೆ ಹೋದ.

ಸೊಸೆ ಬರಿ ನೆಲದ ಮೇಲೆ ಮಲಗಿದ್ದಳು. ಹಾಸಿಗೆ ಎಲ್ಲಿತ್ತೋ ಅಲ್ಲೇ, ಅದೇ ಗೋಡೆಯ ಕಡೆ ತಿರುಗಿ. ಕೆನ್ನೆ ಸಿಮೆಂಟಿಗೆ ಒತ್ತಿಕೊಂಡಿತ್ತು. ಕೈಯನ್ನು ತಲೆಯಡಿ ಇಟ್ಟುಕೊಳ್ಳುವುದಕ್ಕೂ ಅವಳು ಹೋಗಿರಲಿಲ್ಲ.

ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಇದನ್ನು ಅವನು ಹಿಂದೆ ನೋಡಿದ್ದ. ಅವನು ಜೀರಿಗೆಯಷ್ಟು ಇದ್ದಾಗ, ಇದೇ ಮನೆಯಲ್ಲಿ, ಅಂಗಡಿಯ ಪಕ್ಕದ ಕೋಣೆಯಲ್ಲಿ. ಹಾಡು ಹೇಳುತ್ತ ದಿಂಬು ತುಂಬುತ್ತಿದ್ದ ಅಮ್ಮ. ಅವಳು ಹಾಡುತ್ತಿದ್ದರೆ ಅಪ್ಪನ ಬಿಲ್ಲು ಅದಕ್ಕೆ ತಾಳ ಹಾಕುತ್ತಿತ್ತು. ಆ ಅಮ್ಮ ಒಂದು ದಿನ ಗೋಡೆಗೆ ತಿರುಗಿ ಮಲಗಿದಳು. ಆಗಲೂ ಮನೆಯವರು ಹೊಸ ಹಾಸಿಗೆ ಮಾಡಿಕೊಟ್ಟರು. ಆಗಲೂ ಕೊನೆಗೆ ಹಾಸಿಗೆ ಎತ್ತಿದರು. ಅಮ್ಮ ಕಲ್ಲುಚಪ್ಪಡಿಯ ಮೇಲೆ ಹೀಗೇ ಕೆನ್ನೆ ಇಟ್ಟು ಮಲಗಿದಳು. ಊಟ ಬಿಟ್ಟಳು, ಸೊರಗಿದಳು, ಹೋದಳು. "ಹಟಮಾರಿ, ಹಟದಲ್ಲೇ ಹೋದಳು" ಅಂದರು ಎಲ್ಲರೂ. ಅಪ್ಪನೂ ಅಂದ. ಅನ್ನುತ್ತ ಅನ್ನುತ್ತ ಅದು ಆ ಮನೆಯ ಗಾದೆಯಾಯಿತು.

ಮೇಸ್ತ್ರಿ ಅಡಿಗೆಮನೆಗೆ ಬಂದು ನಿಂತ.

"ಸೋಮಾರಿಗೆ ಮೆತ್ತಗೆ ಬೇಕು ಕಣೇ," ಅಂದ. "ಜೀವಮಾನವೆಲ್ಲ ಮಲಗೋರನ್ನೇ ನೋಡಿದೀನಿ. ಹಾಸಿಗೆ ಕಿತ್ಕೊಂಡ್ರೆ ಸೋಮಾರಿ ಎದ್ದು ಜಗಳ ಆಡ್ತಾನೆ. ಅವಳಿಗೆ ಹತ್ತಿಯೂ ಒಂದೇ, ಸಿಮೆಂಟೂ ಒಂದೇ ಆಗಿದೆ. ಇದು ಹಾಸಿಗೆ ವಿಷಯ ಅಲ್ಲ."

"ಮತ್ತೇನು?"

"ನನಗೇನು ಗೊತ್ತು? ಗೊತ್ತಿರೋರ ಹತ್ರ ಹೋಗೋಣ." ಮಗನ ಕಡೆ ತಿರುಗಿದ. "ಮೊದಲು ಹಾಸಿಗೆ ಒಳಗೆ ಹಾಕು."

ಮಗನೂ ಮೇಸ್ತ್ರಿಯೂ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿದ್ದವರು ಹೆಂಗಸು ಡಾಕ್ಟರು. ಅವಸರವಿಲ್ಲದವರು. ನಿದ್ದೆ, ಊಟ, ಎಷ್ಟು ದಿನದಿಂದ ಎಂದು ಒಂದೊಂದಾಗಿ ಕೇಳಿದರು. ಸೊಸೆಯ ಉತ್ತರ ಒಂದೊಂದೂ ಬಾವಿಯಿಂದ ಸೇದಿದ ಹಾಗೆ ತಡವಾಗಿ ಬರುತ್ತಿತ್ತು. ಕೊನೆಗೆ ಡಾಕ್ಟರು ಮೆಲ್ಲಗೆ ಕೇಳಿದರು, "ಬದುಕೋದೇ ಬೇಡ ಅನ್ನಿಸಿದ್ದುಂಟಾ?"

ಸೊಸೆ ಗಂಡನ ಕಡೆ ನೋಡಲಿಲ್ಲ. "ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅನ್ಸುತ್ತೆ. ನಾನಿಲ್ದಿದ್ರೆ ಇವರಿಗೆಲ್ಲ ಸಲೀಸು ಅನ್ಸುತ್ತೆ."

ಮಗ ಹಾಸಿಗೆ ಹೊತ್ತ ಹೆಗಲನ್ನು ಇನ್ನೊಂದು ಕೈಯಲ್ಲಿ ಉಜ್ಜಿಕೊಂಡ.

"ಇದು ಕಾಯಿಲೆ," ಅಂದರು ಡಾಕ್ಟರು, ಮೂವರಿಗೂ ಕೇಳುವ ಹಾಗೆ. "ಖಿನ್ನತೆ ಅಂತಾರೆ. ಹಟ ಅಲ್ಲ, ಸೋಮಾರಿತನ ಅಲ್ಲ. ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಇಲ್ವಾ, ಹಾಗೇ ಇದೂ ಒಂದು. ಇದಕ್ಕೆ ಔಷಧಿ ಇದೆ, ವಾಸಿಯಾಗುತ್ತೆ."

"ಮನಸ್ಸು ಗಟ್ಟಿ ಮಾಡ್ಕೋ ಅಂತ ದಿನಾ ಹೇಳ್ತೀನಿ ಡಾಕ್ಟ್ರೇ," ಅಂದ ಮಗ.

"ಜ್ವರ ಬಂದವರಿಗೆ ಮೈ ತಣ್ಣಗೆ ಮಾಡ್ಕೋ ಅಂತೀರಾ?"

ಡಾಕ್ಟರು ಮಾತ್ರೆ ಬರೆದರು. "ಇದು ಕೆಲಸ ಶುರು ಮಾಡೋಕೆ ಕೆಲವು ವಾರ ಬೇಕು. ಮೊದಮೊದಲು ಬಾಯಿ ಒಣಗಬಹುದು, ಮಂಪರು ಬರಬಹುದು. ಹೆದರಬೇಡಿ. ಚೆನ್ನಾಗಿದೀನಿ ಅನ್ನಿಸಿದ್ರೂ ನಾನು ಹೇಳೋವರೆಗೂ ನಿಲ್ಲಿಸಬಾರದು. ಸದ್ಯಕ್ಕೆ ಮಾತ್ರೆ ಮನೆಯವರ ಕೈಲಿರ್ಲಿ, ಇವರನ್ನ ಒಂಟಿಯಾಗಿ ಬಿಡಬೇಡಿ. ವಾರವಾರ ಕರ್ಕೊಂಡು ಬನ್ನಿ, ಮಾತಾಡೋದೂ ಔಷಧಿನೇ."

ಎಲ್ಲರೂ ಎದ್ದರು. ಮೇಸ್ತ್ರಿ ಮಾತ್ರ ಏಳಲಿಲ್ಲ.

"ಒಂದು ಮಾತು ತಾಯಿ. ಈ ಕಾಯಿಲೆ ಈಗ ಬಂದಿದ್ದಾ, ಹಿಂದೆಯೂ ಇತ್ತಾ?"

"ಯಾವಾಗಲೂ ಇತ್ತು ಅಜ್ಜ. ಇದು ಕಾಯಿಲೆ ಅಂತ ತುಂಬ ಜನಕ್ಕೆ ಗೊತ್ತಿರಲಿಲ್ಲ, ಅಷ್ಟೇ."

ಮೇಸ್ತ್ರಿ ಮನೆಗೆ ಬಂದು, ಚಪ್ಪಲಿ ಬಿಟ್ಟು, ಒಲೆಯ ಮುಂದೆ ಕೂತಿದ್ದ ಹೆಂಡತಿಯ ಪಕ್ಕ ಮಣೆ ಎಳೆದುಕೊಂಡ.

"ನಮ್ಮಮ್ಮ ಹಟದಿಂದ ಹೋಗಿದ್ದಲ್ಲ ಕಣೇ."

"ಏನಂದ್ರಿ?"

"ಕಾಯಿಲೆ ಆಗಿತ್ತು ಅವಳಿಗೆ. ಇದೇ ಕಾಯಿಲೆ. ಒಂದು ಮಾತ್ರೆ ಕೊಡೋರು ಇರಲಿಲ್ಲ." ಅಷ್ಟು ಹೇಳಿ ಮುದುಕ ಟವೆಲಿನಿಂದ ಮುಖ ಮುಚ್ಚಿಕೊಂಡ. ಮದುವೆಯಾಗಿ ಬಂದಾಗಿನಿಂದ ದೊಡ್ಡಮ್ಮ ಅವನ ಕಣ್ಣಲ್ಲಿ ನೀರು ನೋಡಿದವಳಲ್ಲ. ಅತ್ತೆಯನ್ನೂ ಅವಳು ನೋಡಿರಲಿಲ್ಲ, ಹಟಮಾರಿ ಎಂಬ ಮಾತನ್ನಷ್ಟೇ ಬಳುವಳಿಯಾಗಿ ಪಡೆದಿದ್ದಳು. ಒಲೆಯ ಮೇಲಿನ ಗಂಜಿ ಉಕ್ಕಿ ಚೆಲ್ಲಿತು. ಅವಳು ಕೈ ಚಾಚಲಿಲ್ಲ.

ಅಂದಿನಿಂದ ಮಾತ್ರೆ ದೊಡ್ಡಮ್ಮನ ಸೆರಗಿನ ಗಂಟಿನಲ್ಲಿ. ಹಾಗೆಂದು ಅವಳ ಬಾಯಿ ನಿಂತಿತು ಎಂದಲ್ಲ.

"ವಾರ ಆಯ್ತು, ಏನಾಯ್ತು ಈ ಮಾತ್ರೆಯಿಂದ? ಮೊದಲು ಗೋಡೆ ನೋಡ್ಕೊಂಡು ಮಲಗ್ತಿದ್ಳು, ಈಗ ಆಕಳಿಸ್ಕೊಂಡು ಮಲಗ್ತಾಳೆ. ನಿಲ್ಲಿಸಿಬಿಡೋಣ."

"ಹೊಸ ಹಾಸಿಗೆ ತಗೊಂಡು ಹೋದವರು ನಾಲ್ಕೇ ದಿನಕ್ಕೆ ಮೈ ನೋವು ಅಂತ ವಾಪಸ್ ತಂದ್ರೆ ನೀನೇ ಬೈದು ಕಳಿಸ್ತಿದ್ದೆ," ಅಂದ ಮೇಸ್ತ್ರಿ. "ಮೈ ಹೊಂದ್ಕೊಳ್ಳೋಕೆ ಟೈಮ್ ಬೇಡ್ವೇನ್ರೀ ಅಂತ."

"ನನ್ನ ಮಾತು ನನಗೇ ತಿರುಗಿಸ್ಬೇಡಿ."

ಬೈಯುತ್ತಲೇ ಅವಳು ಹೊತ್ತಿಗೆ ಸರಿಯಾಗಿ ಹಾಲಿನ ಲೋಟ ಹಿಡಿದು ಕೋಣೆಗೆ ಹೋಗುತ್ತಿದ್ದಳು. ನುಂಗುವವರೆಗೂ ಅಲ್ಲೇ ಕೂರುತ್ತಿದ್ದಳು. ಒಂದು ದಿನ ಹಾಗೇ ಕೂತು ಸೊಸೆಯ ಜಡೆಗಟ್ಟಿದ ಕೂದಲಿಗೆ ಎಣ್ಣೆ ಹಚ್ಚಿದಳು. "ಹತ್ತಿ ಬಿಡಿಸೋಕಿಂತ ಕಷ್ಟ ನಿನ್ನ ತಲೆ" ಎಂದು ಗೊಣಗಿದಳು. ಸೊಸೆ ತಲೆಯನ್ನು ಅತ್ತೆಯ ಮೊಣಕಾಲಿಗೆ ಒರಗಿಸಿದಳು. ದೊಡ್ಡಮ್ಮ ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ. ನೋವಿರುವ ಮಂಡಿಯೇ ಅದು.

ಮಗ ಅಂಗಡಿಯನ್ನು ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚಿ ಹೆಂಡತಿಯನ್ನು ಬೀದಿಯ ಕೊನೆಯವರೆಗೆ ನಡೆಸಿಕೊಂಡು ಬರುತ್ತಿದ್ದ. ಮೊದಲ ದಿನ ಹೊಸಿಲವರೆಗೆ ಬಂದು ವಾಪಸ್ಸಾದರು. ಮತ್ತೊಂದು ದಿನ ಟೈಲರ್ ಅಂಗಡಿಯವರೆಗೆ. ಕೆಲವು ದಿನ ಅವಳು ಏಳಲೇ ಇಲ್ಲ. ಮೇಸ್ತ್ರಿ ಮೇಲಿಂದ ದಬ್ಬಳ ಚುಚ್ಚಿ, ಬೆಂಚು ಸುತ್ತಿ ಬಂದು, ತಾನೇ ಕೆಳಗೆ ಕೂತು ಎಳೆದುಕೊಳ್ಳುತ್ತಿದ್ದ. ಕೆಲಸ ಕುಂಟಿತು. ಯಾರೂ ಆ ಮಾತೆತ್ತಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಸೊಸೆಯ ಅಣ್ಣ ಖಾಲಿ ಚೀಲ ಹಿಡಿದು ಬಂದ. ಬಂದವನು ಕೂರಲೂ ಇಲ್ಲ.

"ರಜಾ ಸಿಕ್ಕೋದು ತಡ ಆಯ್ತು ದೊಡ್ಡಮ್ಮ. ಎಲ್ಲಿ ಅವಳ ಬಟ್ಟೆ? ಸಂಜೆ ಬಸ್ಸಿಗೆ ಹೊರಡ್ತೀವಿ."

"ಮೊದಲು ಕೈಕಾಲು ತೊಳ್ಕೋ. ಊಟಕ್ಕೆ ಹಾಕ್ತೀನಿ."

"ಏನೋ ಮಾತ್ರೆ ನುಂಗಿಸ್ತಿದೀರಂತೆ? ಟೈಲರ್ ಹೇಳ್ದ. ತಲೆಗೆ ಹತ್ತೋ ಮಾತ್ರೆ ಅವೆಲ್ಲ. ಎಸೆದುಬಿಡಿ. ತವರಲ್ಲಿ ನಾಲ್ಕು ದಿನ ಉಂಡು ಮಲಗಿದ್ರೆ ತಾನೇ ಸರಿಹೋಗ್ತಾಳೆ. ನಮ್ಮ ವಂಶದಲ್ಲಿ ಯಾರಿಗೂ ಹುಚ್ಚಿಲ್ಲ."

ಅಷ್ಟು ಹೊತ್ತಿಗೆ ಹಳೆ ದಿಂಬು ಒಪ್ಪಿಸಲು ಬಂದ ಗಿರಾಕಿಯೊಬ್ಬಳು ಅಂಗಡಿಯಲ್ಲೇ ಕಿವಿ ಚಾಚಿಕೊಂಡು ನಿಂತಿದ್ದಳು. ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ದೊಡ್ಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

"ಹುಚ್ಚು ಅಂದೋರು ಯಾರು? ಖಿನ್ನತೆ ಅಂತ ಕಾಯಿಲೆ. ಡಾಕ್ಟ್ರು ನೋಡ್ತಿದಾರೆ, ಮಾತ್ರೆ ನಡೀತಿದೆ. ಎಸೆಯೋ ಮಾತು ಆಡಿದ್ರೆ ನೆಟ್ಟಗಿರಲ್ಲ." ಆಮೇಲೆ ಗಿರಾಕಿಯ ಕಡೆ ತಿರುಗಿ, "ಕೇಳಿಸ್ತಾ? ಬೀದಿಯಲ್ಲಿ ಹೇಳೋದಾದ್ರೆ ಸರಿಯಾಗಿ ಹೇಳು" ಎಂದಳು.

ಅಣ್ಣ ತಬ್ಬಿಬ್ಬಾದ. "ಕರ್ಕೊಂಡು ಹೋಗು ಅಂತ ಹೇಳಿ ಕಳಿಸಿದ್ದು ನೀವೇ ತಾನೇ?"

"ಹೌದಪ್ಪ, ಕಳಿಸಿದ್ದೆ. ನನಗೆ ಗೊತ್ತಿರಲಿಲ್ಲ, ಕಳಿಸಿದ್ದೆ. ಈಗ ಕಳಿಸಲ್ಲ."

"ಅದನ್ನ ಅವಳು ಹೇಳ್ಲಿ."

ಸೊಸೆ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಣ್ಣನನ್ನೂ ಚೀಲವನ್ನೂ ನೋಡಿದಳು. ಎಲ್ಲರೂ ಕಾದರು. ಅವಳಿಗೆ ಮಾತು ಇನ್ನೂ ತಡವಾಗಿಯೇ ಬರುತ್ತಿತ್ತು.

"ನಾನು ಬರಲ್ಲಣ್ಣ. ವಾರದ ಕೊನೆಗೆ ಡಾಕ್ಟ್ರ ಹತ್ರ ಹೋಗೋದಿದೆ. ಇಲ್ಲೇ ಇರ್ತೀನಿ."

ಅಣ್ಣ ತಂಗಿಯ ಗಂಡನ ಮುಖ ನೋಡಿದ, ಮೇಸ್ತ್ರಿಯ ಮುಖ ನೋಡಿದ. ಚೀಲ ಮಡಚಿ ಜೇಬಿಗೆ ತುರುಕಿಕೊಂಡು ಕೈ ತೊಳೆಯಲು ಹೋದ.

ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ಜಗಳದ ಬಿಸಿ ಆರಿರಲಿಲ್ಲವಾಗಿ ಯಾರೂ ತಲೆ ಎತ್ತದೆ ಉಣ್ಣುತ್ತಿದ್ದರು. ಸೊಸೆ ಒಂದು ತುತ್ತು ಬಾಯಿಗಿಟ್ಟಳು. ಇನ್ನೊಂದು ಇಟ್ಟಳು. ನಿಲ್ಲಿಸಿದಳು.

"ಅತ್ತೆ, ಬೇಳೆಗೆ ಉಪ್ಪು ಕಮ್ಮಿ."

ಮಗನ ಕೈ ತಟ್ಟೆಯಲ್ಲೇ ನಿಂತಿತು. ದೊಡ್ಡಮ್ಮನ ಅಡಿಗೆಗೆ ಹೆಸರಿಟ್ಟವರು ಆ ಮನೆಯಲ್ಲಿ ಸುಖವಾಗಿ ಉಂಡದ್ದಿಲ್ಲ. ಆದರೆ ಅವನು ನಿಲ್ಲಿಸಿದ್ದು ಅದಕ್ಕಲ್ಲ. ಎಷ್ಟೋ ವಾರಗಳಿಂದ ಅವಳು ಊಟ ಹೇಗಿದೆ ಎಂದು ಹೇಳಿರಲಿಲ್ಲ. ಹಾಕಿದ್ದು ಬಿಸಿಯೋ ತಣ್ಣಗೋ, ಹಳಸಿದ್ದೋ ಹೊಸದೋ ಅವಳಿಗೆ ತಿಳಿದಂತೆಯೇ ಇರಲಿಲ್ಲ.

ದೊಡ್ಡಮ್ಮ ಸೊಸೆಯನ್ನೇ ನೋಡಿದಳು. ಆಮೇಲೆ ಬೇಳೆಯ ಸೌಟನ್ನು ಅಂಗೈಗೆ ಬಗ್ಗಿಸಿ ನೆಕ್ಕಿದಳು.

"ಕಮ್ಮಿ ಏನು ಬಂತು? ಹಾಕೇ ಇಲ್ಲ!" ಅವಳ ದನಿ ಏರಿತು. "ಇಷ್ಟು ಹೊತ್ತು ಗಬಗಬ ತಿಂತಿದೀರಲ್ಲ, ಒಬ್ಬರಿಗೂ ನಾಲಿಗೆ ಇಲ್ವಾ?"

"ಇದೆ. ನಿನ್ನ ಭಯ," ಅಂದಳು ಜೀರಿಗೆ.

ಅಣ್ಣನಿಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು. ಮೇಸ್ತ್ರಿ ಅವನ ಬೆನ್ನು ತಟ್ಟುತ್ತ ತಾನೂ ನಕ್ಕ, ಕಣ್ಣು ಒರೆಸಿಕೊಂಡ. ದೊಡ್ಡಮ್ಮ ಮಂಡಿ ಹಿಡಿದುಕೊಂಡು ಎದ್ದಳು, ಉಪ್ಪಿನ ಡಬ್ಬ ತಂದಳು. ಮನೆಗೆ ಬಂದ ನೆಂಟನನ್ನೂ ಗಂಡನನ್ನೂ ದಾಟಿ ಹೋಗಿ ಮೊದಲು ಸೊಸೆಯ ತಟ್ಟೆಗೆ ಒಂದು ಚಿಟಿಕೆ ಉದುರಿಸಿದಳು.

"ಸಾಕಾ ನೋಡು."

ಸೊಸೆ ಕಲಸಿ, ಬಾಯಿಗಿಟ್ಟು, ನಿಧಾನವಾಗಿ ಅಗಿದಳು.

"ಇನ್ನೊಂಚೂರು," ಅಂದಳು.